ಅಮ್ಮನಿಗೆ ಜಿಪಿ (ಫ್ಯಾಮಿಲಿ ಡಾಕ್ಟರ್) ಹತ್ರ ಕನ್ನಡ ಇಂಟರ್‌ಪ್ರಿಟರ್ ಸಿಗ್ತಾರಾ? (ಇಂಗ್ಲೆಂಡ್)

ಮಿಡ್‌ಲ್ಯಾಂಡ್ಸ್_ಮಗ
ಎಲ್ರಿಗೂ ನಮಸ್ಕಾರ. ಅಮ್ಮ ಈಗ ನಮ್ ಜೊತೆ ಇಲ್ಲೇ ಸೆಟ್ಲ್ ಆಗಿದಾರೆ, ಜಿಪಿ ರಿಜಿಸ್ಟ್ರೇಷನ್ನೂ ಆಗಿದೆ, ಆದ್ರೆ ಇಂಗ್ಲಿಷ್ ಬರಲ್ಲ. ಮೊನ್ನೆ ತೋರ್ಸೋಕೆ ಹೋದಾಗ ನಾನೇ ಮಧ್ಯೆ ಕೂತು ಹೇಳ್ತಿದ್ದೆ. ಡಾಕ್ಟರು ಬ್ಲೀಡಿಂಗ್ ಏನಾದ್ರೂ ಆಗ್ತಿದ್ಯಾ ಕೇಳಿ ಅಂದ್ರು, ಹೆಂಗೋ ಕೇಳ್ದೆ, ಅಮ್ಮ ಸೆರಗು ಸರಿ ಮಾಡ್ಕೊಂಡು "ಹಂಗೇನಿಲ್ಲಪ್ಪ, ಸುಸ್ತು ಅಂತ ಹೇಳು ಸಾಕು" ಅಂದ್ರು. ರಾತ್ರಿ ನನ್ ಹೆಂಡ್ತಿ ಹತ್ರ ನಿಜ ಹೇಳಿದಾರೆ, ಆಗ್ತಿದ್ಯಂತೆ, ಮಗನ ಮುಂದೆ ಹೆಂಗಮ್ಮ ಹೇಳೋದು ಅಂತ. ಇಂಟರ್‌ಪ್ರಿಟರ್ ಕೇಳ್ಬೋದಾ? ದುಡ್ಡು ಕೊಡ್ಬೇಕಾ?

ನೈಟ್‌ಶಿಫ್ಟ್_ನರ್ಸ್
ಸರ್, ಮೊದ್ಲು ಬೆಳಿಗ್ಗೆನೇ ಸರ್ಜರಿಗೆ (ಜಿಪಿ ಕ್ಲಿನಿಕ್ಕಿಗೆ) ಫೋನ್ ಮಾಡಿ ಆ ಬ್ಲೀಡಿಂಗ್ ವಿಷ್ಯ ಹೇಳ್ಬಿಡಿ, ಇಂಟರ್‌ಪ್ರಿಟರ್ ಸಿಗ್ಲಿ ಅಂತ ಕಾಯ್ಬೇಡಿ. ಮುಟ್ಟು ನಿಂತ್ಮೇಲೆ ರಕ್ತ ಹೋಗ್ತಿದ್ರೆ ಬೇಗ ಆಸ್ಪತ್ರೆಗೆ ರೆಫರ್ ಮಾಡ್ತಾರೆ, ಬಹಳ ಸಲ ದೊಡ್ಡದೇನೂ ಇರಲ್ಲ, ಆದ್ರೂ ಕ್ಯಾನ್ಸರ್ ಅಲ್ಲ ಅಂತ ನೋಡ್ಲೇಬೇಕು.
ಇನ್ನು ಇಂಟರ್‌ಪ್ರಿಟರ್ ಫ್ರೀ. ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಇಂಗ್ಲೆಂಡ್‌ನ 2018ರ ಗೈಡೆನ್ಸಲ್ಲೇ ಇದೆ, ಮನೆಯವ್ರನ್ನ ಈ ಕೆಲ್ಸಕ್ಕೆ ಕೂರ್ಸ್ಬೇಡಿ, ಚಿಕ್ಕ ಮಕ್ಕಳನ್ನಂತೂ ಬೇಡ್ವೇ ಬೇಡ ಅಂತ. ಬುಕ್ ಮಾಡ್ವಾಗ್ಲೇ ಹೆಂಗಸೇ ಬೇಕು ಅಂತ ಹೇಳಿ, ಡಬಲ್ ಸ್ಲಾಟ್ (ಎರಡರಷ್ಟು ಟೈಮು) ಕೇಳಿ, ಯಾಕಂದ್ರೆ ಪ್ರತಿ ಮಾತೂ ಎರಡೆರಡು ಸಲ ಆಗ್ಬೇಕಲ್ಲ. ನಮ್ ಭಾಷೆಗೆ ಜನ ಕಮ್ಮಿ, ಫೋನಲ್ಲೇ ಸಿಗೋ ಸಾಧ್ಯತೆ ಜಾಸ್ತಿ.

ಖಾಲಿದೋಸೆ
ಬೇಜಾರ್ ಮಾಡ್ಕೋಬೇಡಿ, ಇಲ್ಲಿಗೆ ಬಂದ್ಮೇಲೆ ನಾಲ್ಕು ಮಾತು ಇಂಗ್ಲಿಷ್ ಕಲೀಬೇಕಪ್ಪ. ಎಲ್ಲಾ ಭಾಷೆಗೂ ಟ್ಯಾಕ್ಸ್ ದುಡ್ಡಲ್ಲಿ ಜನ ಇಡೋಕಾಗುತ್ತಾ?

ವೇಲ್ಸ್_ವಾಸಿ
@ಖಾಲಿದೋಸೆ ನಾಲ್ಕು ಮಾತಲ್ಲಿ ತರ್ಕಾರಿ ತರ್ಬೋದು, ಆಪರೇಷನ್ನಿಗೆ ಸೈನ್ ಹಾಕೋಕಾಗಲ್ಲ. 2015ರಲ್ಲಿ ಯುಕೆ ಸುಪ್ರೀಂ ಕೋರ್ಟಿನ ಮಾಂಟ್‌ಗೊಮೆರಿ ತೀರ್ಪು ಬಂದ್ಮೇಲೆ ಮುಖ್ಯವಾದ ಅಪಾಯಗಳನ್ನ ಪೇಷೆಂಟಿಗೇ ತಿಳ್ಸಿ ಹೇಳ್ಬೇಕು, ಪಕ್ಕದಲ್ಲಿರೋ ಮಗ ತಲೆ ಆಡ್ಸಿದ್ರೆ ಆಗಲ್ಲ. ಇನ್ನೊಂದು, ನಾನಿರೋ ವೇಲ್ಸಲ್ಲಿ ಇಲ್ಲೇ ಹುಟ್ಟಿ ಬೆಳೆದ ಅಜ್ಜಿಯರಿದಾರೆ, ಜೀವನಪೂರ್ತಿ ಇಂಗ್ಲಿಷ್ ಮಾತಾಡಿರೋವ್ರೇ, ಡಿಮೆನ್ಷಿಯಾ ಬಂದ್ಮೇಲೆ ಇಂಗ್ಲಿಷ್ ಜಾರಿ ತಾಯ್ನುಡಿ ವೆಲ್ಷ್ ಮಾತ್ರ ಉಳ್ಕೊಂಡಿರುತ್ತೆ. ಅದಕ್ಕೇ ವೆಲ್ಷ್ ಬರೋ ಸ್ಟಾಫು ಕಿತ್ತಳೆ ಬಣ್ಣದ ಬ್ಯಾಡ್ಜ್ ಹಾಕಿರ್ತಾರೆ, ಪೇಷೆಂಟು ಕೇಳೋಕ್ ಮುಂಚೆನೇ ಆ ಭಾಷೇಲಿ ಮಾತಾಡ್ಸ್ಬೇಕು ಅನ್ನೋದು ಇಲ್ಲಿನ ಪದ್ಧತಿ. 2011ರ ವೆಲ್ಷ್ ಭಾಷಾ ಕಾನೂನು ಬೆನ್ನಿಗಿದೆ ಅವ್ರಿಗೆ. ನಮ್ ಕನ್ನಡದವ್ರಿಗೆ ಅದಿಲ್ಲ, ತಾರತಮ್ಯ ತಡೆಯೋ 2010ರ ಈಕ್ವಾಲಿಟಿ ಆ್ಯಕ್ಟಿನ ಪಟ್ಟೀಲಿ ಭಾಷೆ ಅಂತ ಬೇರೆ ಹೆಸ್ರೇ ಇಲ್ಲ, ಜನಾಂಗದ ಹೆಸರಲ್ಲೇ ವಾದ ಮಾಡ್ಬೇಕು. ಹಂಗಾಗಿ ಬಾಯ್ಬಿಟ್ಟು ಕೇಳ್ದೋರಿಗೆ ಮಾತ್ರ ಸಿಗೋದು, ನನಗಂತೂ ಇದು ಸರಿ ಕಾಣಲ್ಲ.

ಸುಮ್ನೆ_ಶಾಂತಿ
ಒಂದ್ ಆಸ್ಪತ್ರೇಲಿ ನಮ್ ಅತ್ತೆಗೆ ಇಂಡಿಯನ್ ಅಂತ ಹಿಂದಿಯವ್ರನ್ನ ಕಳ್ಸಿದ್ರು. ಅತ್ತೆ ಪಾಪ ಎಲ್ಲದಕ್ಕೂ "ಹಾಂ ಜಿ", ಅಲರ್ಜಿ ಇದ್ಯಾ ಅಂದ್ರೂ ಹಾಂ ಜಿ, ಇಲ್ವಾ ಅಂದ್ರೂ ಹಾಂ ಜಿ 😅 ಹಿಂದಿ ಬೇಡ, ಕನ್ನಡ ಅಂತ ರೆಕಾರ್ಡಲ್ಲೇ ಬರ್ಸಿ, ರೆಫರಲ್ ಲೆಟರಲ್ಲೂ ಇದ್ಯಾ ನೋಡಿ. ಆಸ್ಪತ್ರೆಯವ್ರು ಆಗಲ್ಲ ಅಂದ್ರೆ ಅಲ್ಲಿನ ಪ್ಯಾಲ್ಸ್ (ಪೇಷೆಂಟ್‌ಗಳ ಅಹವಾಲು ಕೇಳೋ) ಆಫೀಸಿಗೆ ಹೇಳಿ.

ಮಿಡ್‌ಲ್ಯಾಂಡ್ಸ್_ಮಗ
ತುಂಬಾ ಥ್ಯಾಂಕ್ಸ್. ಫೋನ್ ಮಾಡ್ದೆ, ಗುರುವಾರ ಡಬಲ್ ಸ್ಲಾಟ್, ಫೋನಲ್ಲಿ ಕನ್ನಡದ ಮೇಡಂ ಸಿಗ್ತಾರಂತೆ. ಜೊತೇಲಿ ಹೆಂಡ್ತಿ ಹೋಗ್ತಾಳೆ. ಈಗ ಅಮ್ಮಂದು ಹೊಸ ರಾಗ, ಇಲ್ಲಿರೋ ಕನ್ನಡದವ್ರೆಲ್ಲಾ ಯುಗಾದಿಗೆ ಒಂದೇ ಹಾಲಲ್ಲಿ ಸೇರ್ತಾರೆ, ಅವ್ರೂ ಅಲ್ಲಿಗ್ ಬರೋರೇ ಆಗಿದ್ರೆ?

ನೈಟ್‌ಶಿಫ್ಟ್_ನರ್ಸ್
ಒಳಗಿನ ಮಾತು ಹೊರಗೆ ಆಡೋ ಹಂಗಿಲ್ಲ ಅವ್ರು, ನಮ್ ತರಾನೇ. ಅಷ್ಟಕ್ಕೂ ಫೋನಲ್ಲಿ ಮುಖ ಕಾಣಲ್ವಲ್ಲ. ಪೂರ್ತಿ ಹೆಸ್ರು, ಊರು ಹೇಳ್ದೆ ಬರೀ "ಪೇಷೆಂಟ್" ಅನ್ನಿ ಅಂತ ಡಾಕ್ಟರಿಗೆ ಮೊದ್ಲೇ ಹೇಳೋಕೆ ನಿಮ್ ಮನೆಯವ್ರಿಗೆ ತಿಳ್ಸಿ.