ಮನೆಯಲ್ಲೇ ಸಸ್ಪೆಂಡರ್ ಹೊಲಿಯೋದು: ಗುಂಡಿಯೋ ಕ್ಲಿಪ್ಪೋ? ಹೊಲಿದವರು ಹೇಳಿ

ತುಮಕೂರು ಮಗಳು:
ಅಪ್ಪನಿಗೆ ಹರ್ನಿಯಾ ಆಪರೇಷನ್ ಆಗಿದೆ. ಬೆಲ್ಟ್ ಬಿಗಿದರೆ ಒತ್ತುತ್ತೆ, ಬಿಟ್ಟರೆ ಪ್ಯಾಂಟ್ ಜಾರುತ್ತೆ. ಅದಕ್ಕೆ ಹೆಗಲ ಮೇಲಿಂದ ಪ್ಯಾಂಟ್ ಹಿಡಿಯೋ ಪಟ್ಟಿ, ಸಸ್ಪೆಂಡರ್, ನಾನೇ ಹೊಲಿಯೋಣ ಅಂತ. ಎತ್ತರ 5 ಅಡಿ 6 ಇಂಚು, ಸೊಂಟ 40, ಹೊಟ್ಟೆ ಸ್ವಲ್ಪ ಮುಂದೆ, ಭುಜ ಇಳಿಜಾರು. ನನ್ನ ಹತ್ತಿರ ಇರೋದು ತುಳಿಯೋ ಮಷೀನ್, ನೇರ ಹೊಲಿಗೆ ಮಾತ್ರ ಬೀಳುತ್ತೆ. ಗುಂಡಿ ಒಳ್ಳೇದಾ ಕ್ಲಿಪ್ಪಾ? ಹಿಂದೆ ಎಕ್ಸ್ ಆಕಾರವಾ ವೈ ಆಕಾರವಾ? ಎಲಾಸ್ಟಿಕ್ ಎಷ್ಟು ತರಲಿ, ಖರ್ಚೆಷ್ಟು? ಹೊಲಿದು ಅನುಭವ ಇದ್ದವರು ದಯವಿಟ್ಟು ಹೇಳಿ.

ಆರು ಗುಂಡಿ:
ಕ್ಲಿಪ್ ಮಾತೇ ಎತ್ತಬೇಡಿ. ಸಸ್ಪೆಂಡರ್ ಅಂದರೆ ಆರು ಗುಂಡಿ. ಮುಂದೆ ಎಡಕ್ಕೆ ಎರಡು, ಬಲಕ್ಕೆ ಎರಡು, ಹಿಂದೆ ಎರಡು. ಮುಂದಿನ ಮೊದಲ ಗುಂಡಿ ಕ್ರೀಸ್ ಗೆರೆಯ ನೇರಕ್ಕೆ, ಎರಡನೆಯದು ಅಲ್ಲಿಂದ ಪಕ್ಕದ ಹೊಲಿಗೆ ಕಡೆಗೆ 3 ಇಂಚು. ಹಿಂದೆ ನಡು ಹೊಲಿಗೆಯಿಂದ ಆಚೆ ಒಂದೂವರೆ, ಈಚೆ ಒಂದೂವರೆ. ಗುಂಡಿ 28 ಲೈನ್, ಅಂದರೆ ಹೆಚ್ಚುಕಮ್ಮಿ 18 ಮಿ.ಮೀ. ಶರ್ಟಿನ 18 ಲೈನ್ ಗುಂಡಿ ಹಾಕಿ, ಕೂತಾಗ ಕಾಜದಿಂದ ಕಳಚಿಕೊಂಡಿತು ಅಂತ ಆಮೇಲೆ ಇಲ್ಲಿ ಬಂದು ಅಳಬೇಡಿ.

ಗುಂಡಿಯನ್ನು ಬಟ್ಟೆಗೆ ಅಂಟಿದ ಹಾಗೆ ಹೊಲಿಯಬಾರದು. ಮೇಲೆ ಒಂದು ಬೆಂಕಿಕಡ್ಡಿ ಇಟ್ಟು ಅದರ ಮೇಲಿಂದ ದಾರ ಹಾಯಿಸಿ, ಕಡ್ಡಿ ಎಳೆದು ತೆಗೆದು, ಉಳಿದ ಸಡಿಲಕ್ಕೆ ಆರೇಳು ಸುತ್ತು ದಾರ ಸುತ್ತಿ ಕತ್ತು ಕಟ್ಟಬೇಕು. ಪಟ್ಟಿಯ ಕೊನೆಯಲ್ಲಿ ಕಾಜ ಇರೋ ಚರ್ಮದ ತುದಿ 2 ಮಿ.ಮೀ. ದಪ್ಪ ಇರುತ್ತೆ, ಕತ್ತಿಲ್ಲದ ಗುಂಡಿಗೆ ಅದು ಕೂರೋದೇ ಇಲ್ಲ. ಗುಂಡಿ ಇರೋದು ಸೊಂಟದ ಪಟ್ಟಿಯ ಒಳಬದಿಗೆ, ಸೂಜಿ ಒಳಗಿನ ಲೈನಿಂಗ್ ಮತ್ತು ಕ್ಯಾನ್ವಾಸನ್ನು (ಪಟ್ಟಿ ಗಟ್ಟಿ ಇರಲಿ ಅಂತ ಒಳಗಿಡೋ ಬಟ್ಟೆ) ಮಾತ್ರ ಹಿಡಿಯಲಿ, ಹೊರಬಟ್ಟೆಗೆ ಹೋದರೆ ಹೊರಗಿನಿಂದ ಆರು ಚುಕ್ಕೆ ಕಾಣುತ್ತೆ.

ಚಿಕ್ಕಪೇಟೆ ಸರಕು:
ಆರು ಗುಂಡಿ ಅವರೇ, ಮನೇಲಿ ಐದು ಪ್ಯಾಂಟ್ ಇದ್ದರೆ ಮೂವತ್ತು ಗುಂಡಿ. ಯಾರು ಹೊಲೀತಾರೆ? ಕ್ಲಿಪ್ ಆದರೆ ಒಂದೇ ಜೊತೆ ಎಲ್ಲ ಪ್ಯಾಂಟಿಗೂ ಆಯ್ತು. ಲೆಕ್ಕ ಬರೆದಿಟ್ಟಿದ್ದೀನಿ, ನೋಡಿ. ಬೆಂಗಳೂರಿನ ಮಾಮೂಲ್‌ಪೇಟೆಯಲ್ಲಿ 35 ಮಿ.ಮೀ. ನೇಯ್ದ ಎಲಾಸ್ಟಿಕ್ ಮೀಟರಿಗೆ 45, ಎರಡೂವರೆ ಮೀಟರಿಗೆ 112.50. ಕ್ಲಿಪ್ ನಾಲ್ಕು, ತಲಾ 18, ಒಟ್ಟು 72. ಪಟ್ಟಿಯ ಉದ್ದ ಹೊಂದಿಸೋ ಸ್ಲೈಡರ್ ಎರಡು, ತಲಾ 12, ಒಟ್ಟು 24. ಬೆನ್ನಿನ ತುಂಡಿಗೆ ರೆಕ್ಸಿನ್ ಚೂರು 10. ಎಲ್ಲ ಸೇರಿ 218 ರೂಪಾಯಿ 50 ಪೈಸೆ. ದಾರ ಮನೇದು.

ಮೊದಲು ಕ್ಲಿಪ್ಪು ಸ್ಲೈಡರ್ ತಗೊಳ್ಳಿ, ಆಮೇಲೆ ಎಲಾಸ್ಟಿಕ್. ಉಲ್ಟಾ ಮಾಡಿದರೆ 38ರ ಎಲಾಸ್ಟಿಕ್ ತಂದು 35ರ ಸ್ಲೈಡರಿಗೆ ತುರುಕುತ್ತೀರಿ, ಅಂಚು ಸುರುಳಿ ಸುತ್ತಿಕೊಂಡು ಅಲ್ಲೇ ಸವೆಯುತ್ತೆ. ಎಲಾಸ್ಟಿಕ್ ದಪ್ಪ 2 ಮಿ.ಮೀ. ದಾಟಿದ್ದರೂ ಬೇಡ, ಹೊಲಿದ ಮಡಿಕೆ ಮೇಲೆ ಇನ್ನೊಂದು ಪದರ ಸ್ಲೈಡರಿನೊಳಗೆ ಹೋಗೋಲ್ಲ.

ಆರು ಗುಂಡಿ:
ನಿಮ್ಮ 218ರಲ್ಲಿ ಕ್ಲಿಪ್ ಕಚ್ಚಿ ಹರಿದ ಪ್ಯಾಂಟಿನ ಬೆಲೆ ಎಲ್ಲಿದೆ? ಹಲ್ಲಿನ ಕ್ಲಿಪ್ಪು ಟೆರಿಕಾಟಿನ ನೂಲೆಳೆ ಕೀಳುತ್ತೆ. ಹಲ್ಲಿಲ್ಲದ್ದು ಜಾರುತ್ತೆ. ಬಾಯಿಗೆ ಪ್ಲಾಸ್ಟಿಕ್ ಹಾಕಿದ್ದು ಬೇಸಿಗೆ ಬಂತು ಅಂದರೆ ಬಿರುಕು.

ಚಿಕ್ಕಪೇಟೆ ಸರಕು:
ಕ್ಲಿಪ್ ಜಾರೋದು ಕ್ಲಿಪ್ಪಿನ ತಪ್ಪಲ್ಲ ಸಾರ್. ಸೊಂಟದ ಪಟ್ಟಿಯಲ್ಲಿ ಕ್ಯಾನ್ವಾಸ್ ಇಲ್ಲದ ತೆಳು ಪ್ಯಾಂಟಿಗೆ ಹಾಕ್ತೀರಿ, ಕಚ್ಚಲಿಕ್ಕೆ ದಪ್ಪ ಸಿಗೋಲ್ಲ. ಒಳಗಡೆ ಎರಡಿಂಚು ಬಕ್ರಂ (ಗಂಜಿ ಹಾಕಿದ ಹಾಗೆ ಗಟ್ಟಿ ಇರೋ ಬಟ್ಟೆ) ತುಂಡು ಹೊಲಿದು ಹಾಕಿ, ಎತ್ತಿನ ಹಗ್ಗದ ಹಾಗೆ ನಿಲ್ಲುತ್ತೆ. ಗುಂಡಿಯವರ ಗರ್ವಕ್ಕೆ ಮದ್ದಿಲ್ಲ ಬಿಡಿ.

ಹಳೇ ದರ್ಜಿ, ದಾವಣಗೆರೆ:
ಗುಂಡಿ, ಕ್ಲಿಪ್ಪು ಎಲ್ಲ ಆಮೇಲೆ. ಎಲಾಸ್ಟಿಕ್ ಹಾಳಾದರೆ ಎರಡೂ ಹಾಳು. ಅಂಗಡಿಯಲ್ಲಿ ಮೂರು ಥರ ಕೊಡ್ತಾರೆ. ಜಡೆಯ ಹಾಗೆ ಹೆಣೆದದ್ದು ಎಳೆದಾಗ ಅಗಲ ಕಡಿಮೆ ಆಗುತ್ತೆ, ಅದು ಲಂಗದ ಲಾಡಿಗೆ ಸರಿ, ಇಲ್ಲಿಗೆ ಬೇಡ. ನಿಟ್ ಎಲಾಸ್ಟಿಕ್ ಮೆತ್ತಗೆ, ಭಾರ ಹೊರೋದಿಲ್ಲ. ನೇಯ್ದದ್ದು ಎಳೆದರೂ ಅಗಲ ಬಿಡೋದಿಲ್ಲ, ಅದೇ ಬೇಕು. ಅಂಗಡಿಯಲ್ಲೇ ಒಂದಡಿ ಅಳೆದು ಒಂದೂವರೆ ಅಡಿಗೆ ಎಳೆದು ಬಿಡಿ. ವಾಪಸ್ ಅಡಿಗೆ ಬರದಿದ್ದರೆ ಇಟ್ಟು ಬನ್ನಿ. ಕಿವಿ ಹತ್ತಿರ ಎಳೆದಾಗ ಚಟಚಟ ಅಂದರೆ ಒಳಗಿನ ರಬ್ಬರ್ ಒಣಗಿದೆ ಅಂತ ಅರ್ಥ, ಹಳೇ ಮಾಲು. ಬಿಳಿ ಬಣ್ಣದ್ದು ಹಳದಿಗೆ ತಿರುಗಿದ್ದರೂ ಅಷ್ಟೇ.

ಇಸ್ತ್ರಿ ಪೆಟ್ಟಿಗೆ ಹತ್ತಿರವೂ ತರಬೇಡಿ. ತೊಳೆದರೆ ತಣ್ಣೀರು, ನೆರಳು. ಬಿಸಿಲಲ್ಲಿ ಕ್ಲಿಪ್ ಹಾಕಿ ನೇತುಬಿಟ್ಟರೆ ನೀರಿನ ಭಾರಕ್ಕೆ ಉದ್ದ ಆಗಿ ಹಾಗೇ ಉಳಿಯುತ್ತೆ.

ಹೊಲಿಗೆಗೆ 16 ನಂಬರ್ ಸೂಜಿ, ಪಾಲಿಯೆಸ್ಟರ್ ದಾರ, ಹೊಲಿಗೆ ಉದ್ದ 3 ಮಿ.ಮೀ. ತುದಿಯಲ್ಲಿ ಒಂದೂಕಾಲು ಇಂಚಿನ ಚೌಕ, ಅದರೊಳಗೆ ಮೂಲೆಯಿಂದ ಮೂಲೆಗೆ ಗೆರೆ ಎರಡು. ಕತ್ತರಿಸಿದ ಬಾಯಿಯನ್ನು ಒಳಗೆ ಮಡಿಸಿಕೊಂಡೇ ಹೊಲಿಯಿರಿ, ಇಲ್ಲದಿದ್ದರೆ ರಬ್ಬರ್ ನೂಲು ಒಂದೊಂದೇ ಒಳಕ್ಕೆ ಸೇದಿಕೊಳ್ಳುತ್ತೆ.

ಕುಡ್ಲದ ಕತ್ತರಿ:
ನೇರ ಹೊಲಿಗೆಯಾ? ಎಲಾಸ್ಟಿಕ್‌ಗಾ? ದರ್ಜಿಗಳೇ ಹೀಗೆ ಹೇಳಿದರೆ ಉಳಿದವರು ಏನು ಮಾಡ್ಬೇಕು ಮಾರಾಯ್ರೆ. ಎಳೆದ ಕೂಡಲೇ ದಾರ ಪಟ್ ಅಂತ ಕಡಿಯುತ್ತದೆ. ಜಿಗ್‌ಜಾಗ್ ಬೇಕೇ ಬೇಕು, ಅಗಲ ಎರಡೂವರೆ, ಉದ್ದ ಎರಡು. ಅದಕ್ಕೆ ಅಂತಲೇ ಮೋಟಾರ್ ಮಷೀನ್ ತಗೊಂಡದ್ದು ನಾನು, 11,000 ಕೊಟ್ಟು. ವ್ಯರ್ಥ ಅಂತ ಯಾರೂ ಹೇಳುವ ಹಾಗಿಲ್ಲ.

ಹಳೇ ದರ್ಜಿ, ದಾವಣಗೆರೆ:
ವ್ಯರ್ಥ ಅಂತ ನಾನು ಹೇಳಲಿಲ್ಲಮ್ಮ, ನೀವೇ ಹೇಳಿಕೊಂಡಿರಿ. ದಾರ ಕಡಿಯೋದು ಉದ್ದಕ್ಕೆ ಹೊಲಿದಾಗ. ತುದಿಯ ಚೌಕದಲ್ಲಿ ಎರಡು ಪದರ ಕೂಡಿ ಲಾಕ್ ಆಗಿರುತ್ತೆ, ಆ ಒಂದೂಕಾಲು ಇಂಚು ಎಳೆತಕ್ಕೇ ಸಿಗೋದಿಲ್ಲ. ಇಡೀ ಸಸ್ಪೆಂಡರಿನಲ್ಲಿ ಉದ್ದಕ್ಕೆ ಹೊಲಿಗೆ ಎಲ್ಲಿದೆ ತೋರಿಸಿ. ತುಳಿಯೋ ಮಷೀನೇ ಸಾಕು, ದಪ್ಪ ಬಂದ ಕಡೆ ಕೈಚಕ್ರ ತಿರುಗಿಸಿ ಒಂದೊಂದೇ ಕುಟ್ಟಿ.

ಕುಡ್ಲದ ಕತ್ತರಿ:
ಬೆನ್ನಿನ ಕೂಡುವ ಜಾಗದಲ್ಲಿ ಉಂಟಲ್ಲ! ಎರಡು ಪಟ್ಟಿ ಎಕ್ಸ್ ಆಗಿ ದಾಟುವಲ್ಲಿ ನಾಲ್ಕು ಬದಿಯೂ ಎಳೆತವೇ.

ಹಳೇ ದರ್ಜಿ, ದಾವಣಗೆರೆ:
ಅಲ್ಲಿ ಚರ್ಮದ ತುಂಡು ಎರಡು ಕಡೆ ಇಟ್ಟು ಹೊಲಿದರೆ ಎಳೆತ ತುಂಡಿನ ಮೇಲೆ ಬೀಳುತ್ತೆ, ದಾರದ ಮೇಲಲ್ಲ. ಬರೀ ಎಲಾಸ್ಟಿಕ್ ಮೇಲೆ ಎಲಾಸ್ಟಿಕ್ ಹೊಲಿದರೆ ನೀವು ಹೇಳಿದ್ದೇ ಸರಿ.

ಖಣದಕ್ಕ, ಧಾರವಾಡ:
ಬರೇ ಎಲಾಸ್ಟಿಕ್ ಎಲಾಸ್ಟಿಕ್ ಅಂತೀರಿ, ಒಬ್ಬರಾದ್ರೂ ಬಟ್ಟೀ ಸಸ್ಪೆಂಡರ್ ಹೇಳ್ಲಿಲ್ಲ. ವೈ ಬೆನ್ನಿಂದು ಮಾಡ್ರಿ, ಎಲಾಸ್ಟಿಕ್ ಹಿಂದ ಒಂದು 25 ಸೆಂ.ಮೀ. ತುಂಡು ಸಾಕು, ಉಳದದ್ದೆಲ್ಲಾ ಬಟ್ಟಿ. ನಾ ಗುಳೇದಗುಡ್ಡ ಖಣದಾಗ ಹೊಲೀತೀನಿ. 35 ಮಿ.ಮೀ. ಪಟ್ಟಿ ಬೇಕಂದ್ರ 9 ಸೆಂ.ಮೀ. ಅಗಲ ಕತ್ತರಿಸ್ರಿ, ಎರಡೂ ಕಡೆ 1 ಸೆಂ.ಮೀ. ಒಳಗ ಮಡಚಿ, ನಡುವ ಮತ್ತ ಮಡಚಿ, ಅಂಚಿನಿಂದ 2 ಮಿ.ಮೀ. ಬಿಟ್ಟು ಮ್ಯಾಲಿಂದ ಹೊಲೀರಿ. ಕೊಳವಿ ಹೊಲದು ತಿರುವಿ ಹಾಕೂ ಉಸಾಬರಿ ಬ್ಯಾಡ, ಅಷ್ಟುದ್ದದ್ದು ತಿರುವೂದ್ರಾಗ ಅಂಚು ಸೊಟ್ಟ ಆಗ್ತದ.

ಖಣ ಕತ್ತರಿಸಿದ ಕೂಡ್ಲೇ ನೂಲು ಬಿಚ್ತದ. ಕತ್ತರಿ ಹಾಕೂಕಿಂತ ಮೊದಲ ಹಿಂಬದಿಗೆ ಅಂಟಿಸೂ ಕ್ಯಾನ್ವಾಸ್ ಇಸ್ತ್ರಿ ಮಾಡ್ರಿ. ಉದ್ದ ಹಾಸಿನ (ಉದ್ದ ನೂಲಿನ) ಕಡೆನ ಇರಬೇಕು, ಹೊಕ್ಕಿನ (ಅಡ್ಡ ನೂಲಿನ) ಕಡೆ ಕತ್ತರಿಸಿದ್ರ ಪಟ್ಟಿ ಜಗ್ತದ. ಕುಪ್ಪಸಕ್ಕ ತಂದಿದ್ದ ಒಂದು ಖಣದಾಗ ಉದ್ದ ಸಾಲೂದಿಲ್ಲ, ಜೋಡಣಿ ಹಾಕಬೇಕಾಗ್ತದ. ಆ ಜೋಡಣಿ ಹೆಗಲ ಮ್ಯಾಲೆ ಬರದಂಗ ನೋಡ್ಕೋರಿ, ಶರ್ಟಿನ ಮ್ಯಾಲೆ ತಿಕ್ಕಿ ಗಂಟು ಒತ್ತತದ. ಇಳಕಲ್ ಸೀರೀ ಅಂಚಿನಾಗೂ ಭಾಳ ಛಲೋ ಬರ್ತದ, ಅದರಾಗೂ ಗೋಮಿ ಅನ್ನೂ ನಮೂನಿ ಅಂಚು.

ಸೀರೆ ಉಳಿಸಿ:
ಇಳಕಲ್ ಸೀರೆ ಕತ್ತರಿಸಿ ಸಸ್ಪೆಂಡರಾ? ಬಾಗಲಕೋಟೆ ಕಡೆಯವರೇ ಹೀಗಂದರೆ ಮಗ್ಗ ಯಾಕೆ ಉಳಿಯುತ್ತೆ?

ಖಣದಕ್ಕ, ಧಾರವಾಡ:
ಹರದ ಸೀರೀ ಅಂಚ್ರೀ ಯಪ್ಪಾ! ಒಡಲು ಹರದು ಹ್ವಾದ ಮ್ಯಾಲೂ ಅಂಚು ಗಟ್ಟಿ ಇರ್ತದ. ಟ್ರಂಕಿನ್ಯಾಗ ಇಟ್ಟು ಇಲಿಗೆ ಹಾಕೂದಕ್ಕಿಂತ ವಾಸಿ. ಮತ್ತ ನಾ ಧಾರವಾಡದಾಕಿ, ಬಾಗಲಕೋಟಿ ಅಲ್ಲ.

ನಿಪ್ಪಾಣಿ ಚರ್ಮ:
ಆರು ಗುಂಡಿಯವರು ಚರ್ಮದ ತುದಿ ಅಂದರು, ಯಾವ ಚರ್ಮ ಅಂತ ಹೇಳಲಿಲ್ಲ. ಮೇಕೆ ಚರ್ಮ ತೆಳು, ಕಾಜ ಅಗಲ ಆಗುತ್ತೆ. ಎಮ್ಮೆ ಅಥವಾ ಹಸುವಿನದು, ಒಂದೂವರೆಯಿಂದ 2 ಮಿ.ಮೀ. ಅಥಣಿ, ನಿಪ್ಪಾಣಿ ಕಡೆ ಚಪ್ಪಲಿ ಮಾಡುವವರ ಹತ್ತಿರ ಚೂರು ಸಿಗುತ್ತೆ, ಅಟ್ಟೆಯ ಚೂರು ಬೇಡ, ದಪ್ಪ ಹೆಚ್ಚು, ಪಟ್ಟಿಯ ಚೂರು ಕೇಳಿ. ಅದು ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಹದ ಮಾಡಿದ್ದು. ಬೆವರು ತಾಗಿದರೆ ಕಪ್ಪಾಗುತ್ತೆ, ಬಿಳಿ ಶರ್ಟಿಗೆ ಬಣ್ಣ ಬಿಡುತ್ತೆ. ಹಿಂಬದಿಗೆ ಬಟ್ಟೆ ಅಂಟಿಸಿ, ಅಂಚಿಗೆ ಮೇಣ ಉಜ್ಜಿ.

ಕಾಜ ಮಷೀನಿನಲ್ಲಿ ಹೊಲಿಯುವುದಲ್ಲ. 5 ಮಿ.ಮೀ. ತೂತು ಹೊಡೆದು, ಅಲ್ಲಿಂದ ತುದಿಯ ಕಡೆ ಅಲ್ಲ, ಮೇಲಿನ ಪಟ್ಟಿಯ ಕಡೆಗೆ ಒಂದು ಸೆಂ.ಮೀ. ಸೀಳು. ಪಟ್ಟಿ ಮೇಲಕ್ಕೆ ಎಳೆದಾಗ ಗುಂಡಿಯ ಕತ್ತು ತೂತಿಗೆ ಬಂದು ಕೂರಬೇಕು. ಸೀಳಿನಲ್ಲಿ ಕೂತರೆ ಸೀಳು ಬೆಳೆಯುತ್ತಾ ಹೋಗಿ ಹರಿಯುತ್ತೆ. ಚರ್ಮಕ್ಕೆ ಹೊಲಿಗೆ ಉದ್ದ 4 ಮಿ.ಮೀ.ಗಿಂತ ಕಡಿಮೆ ಮಾಡಬೇಡಿ. ಹತ್ತಿರ ಹತ್ತಿರ ತೂತಾದರೆ ಅಂಚೆಚೀಟಿಯಂತೆ ಅದೇ ಗೆರೆಯಲ್ಲಿ ಹರಿಯುತ್ತೆ. ಹಿಂದಕ್ಕೆ ಹೊಲಿದು ಲಾಕ್ ಮಾಡೋದೂ ಬೇಡ, ದಾರ ಹಿಂಬದಿಗೆ ತಂದು ಗಂಟು ಹಾಕಿ. ಬಿಚ್ಚಿದರೆ ತೂತು ಮುಚ್ಚೋದಿಲ್ಲ, ಆದ್ದರಿಂದ ಪಿನ್ ಹಾಕದೆ ಅಂಟು ಹಚ್ಚಿ ಕೂರಿಸಿಕೊಂಡು ಹೊಲಿಯಿರಿ. ರೆಕ್ಸಿನ್ ಅಂದವರಿಗೆ ನಮಸ್ಕಾರ, ಎರಡು ಮಳೆಗಾಲಕ್ಕೆ ಸಿಪ್ಪೆ ಏಳುತ್ತೆ.

ಚಿಕ್ಕಪೇಟೆ ಸರಕು:
10 ರೂಪಾಯಿ ಚೂರು ಸಿಪ್ಪೆ ಎದ್ದರೆ ಇನ್ನೊಂದು ಚೂರು. ನಿಪ್ಪಾಣಿಗೆ ಬಸ್ ಚಾರ್ಜ್ ಎಷ್ಟು ಸ್ವಾಮಿ?

ರೆಡಿಮೇಡ್ ಸಾಕು:
ಆನ್‌ಲೈನಿನಲ್ಲಿ 299ಕ್ಕೆ ಬರುತ್ತೆ, ಮನೆ ಬಾಗಿಲಿಗೆ. ಇಷ್ಟೆಲ್ಲ ಯಾಕೆ?

ಚಿಕ್ಕಪೇಟೆ ಸರಕು:
299ರದ್ದು ಬಿಚ್ಚಿ ನೋಡಿ. 25 ಮಿ.ಮೀ. ಎಲಾಸ್ಟಿಕ್, ಹೆಗಲು ಕೊರೆಯುತ್ತೆ. ಸ್ಲೈಡರಿನಲ್ಲಿ ಹಲ್ಲಿಲ್ಲ, ಬರೀ ನುಣುಪು ಸರಳು. ಎಲಾಸ್ಟಿಕ್ ಎಳೆದಾಗ ತೆಳ್ಳಗಾಗಿ ಹಿಡಿತ ಬಿಡುತ್ತೆ, ದಿನಕ್ಕೆರಡು ಸಲ ಮೇಲೆತ್ತಬೇಕು. ಎತ್ತುವ ಮುಚ್ಚಳ ಇರೋ, ಒಳಗೆ ಹಲ್ಲಿರೋ ಸ್ಲೈಡರ್ ಕೇಳಿ. 6 ರೂಪಾಯಿ ಜಾಸ್ತಿ ಅಷ್ಟೇ.

ಆರು ಗುಂಡಿ:
ಮೊದಲ ಸಲ ನೀವು ಸರಿಯಾದ ಮಾತು ಹೇಳಿದಿರಿ. ಅಂದ ಹಾಗೆ ನಿಮ್ಮ 218 ಈಗ 230.50 ಆಯ್ತು.

ಲಂಡನ್ ಕನ್ನಡಿಗ:
ಇಲ್ಲಿ ಆಲ್ಬರ್ಟ್ ಥರ್ಸ್ಟನ್ ಅನ್ನೋ ಕಂಪನಿಯವರು 1820ರಿಂದ ಸಸ್ಪೆಂಡರ್ ಮಾಡ್ತಿದ್ದಾರೆ, ಚರ್ಮದ ತುದಿಗೆ ಗುಂಡಿ. ಬಾಕ್ಸ್‌ಕ್ಲಾತ್ ಅನ್ನೋ ಒತ್ತಾದ ಉಣ್ಣೆ ಬಟ್ಟೆಯ ಪಟ್ಟಿಗೆ ಅಂಚು ಮಡಿಸೋದೇ ಬೇಡ, ನೂಲು ಬಿಚ್ಚೋದಿಲ್ಲ. ಕ್ಲಿಪ್ ಅನ್ನೋದು ಮಕ್ಕಳ ಫ್ಯಾನ್ಸಿ ಡ್ರೆಸ್ಸಿಗೆ.

ಕುಡ್ಲದ ಕತ್ತರಿ:
ಮಂಗಳೂರಿನ ಸೆಕೆಗೆ ಉಣ್ಣೆ ಪಟ್ಟಿ! ಒಮ್ಮೆ ಬಂದು ಹಾಕಿ ತೋರಿಸಿ. ಹಳೆಯದ್ದೆಲ್ಲ ಒಳ್ಳೆಯದು ಅಂತಾದರೆ ಅಮೆರಿಕದ ಲೇಖಕ ಮಾರ್ಕ್ ಟ್ವೇನ್ 1871ರಲ್ಲಿ ಸಸ್ಪೆಂಡರಿನ ಕಾಟವೇ ಬೇಡ ಅಂತ ಎಲಾಸ್ಟಿಕ್ ಪಟ್ಟಿಗೆ ಪೇಟೆಂಟ್ ತಗೊಂಡದ್ದು ಯಾಕೆ?

ಲಂಡನ್ ಕನ್ನಡಿಗ:
ಆ ಪಟ್ಟಿಯಿಂದ ಪ್ಯಾಂಟ್ ನಿಲ್ಲಿಸಿದವರನ್ನು ನಾನಂತೂ ನೋಡಿಲ್ಲ.

ತುಮಕೂರು ಮಗಳು:
ಎಲ್ಲರಿಗೂ ಧನ್ಯವಾದ. ಆದರೆ ಅಪ್ಪನ ಹೊಟ್ಟೆ, ಇಳಿಜಾರು ಭುಜ, ಆಪರೇಷನ್ ಬಗ್ಗೆ ಯಾರೂ ಹೇಳಲಿಲ್ಲ. ಕೊನೆಗೆ ಎಷ್ಟು ಉದ್ದ ಕತ್ತರಿಸಲಿ?

ಹಳೇ ದರ್ಜಿ, ದಾವಣಗೆರೆ:
ಇಳಿಜಾರು ಭುಜಕ್ಕೆ ವೈ ತಗೋಮ್ಮ. ಎಕ್ಸ್‌ನ ದಾಟು ಕೆಳಗೆ ಬಂದರೆ ಪಟ್ಟಿ ಹೆಗಲಿನಿಂದ ಜಾರುತ್ತೆ, ಮೇಲೆ ಒಯ್ದರೆ ಕುತ್ತಿಗೆ ತಿಕ್ಕುತ್ತೆ. ವೈಯ ಕೂಡು ಹೆಗಲ ಮೂಳೆಗಳ ನಡುವೆ ಬರಲಿ. ಅಪ್ಪನ ಮೈಮೇಲೇ ಪಿನ್ ಹಾಕಿ ಚಾಕಿನಲ್ಲಿ ಗುರುತು ಮಾಡು, ಮೇಜಿನ ಮೇಲೆ ಅಳೆದ ಕೋನ ಬೆನ್ನಿಗೆ ಕೂರೋದಿಲ್ಲ.

ಬಟ್ಟೆ ಪಟ್ಟಿಗೆ ಮುಂದಿನ ಸೊಂಟದಿಂದ ಹೊಟ್ಟೆ ಮೇಲೆ, ಹೆಗಲು ದಾಟಿಸಿ ಕೂಡುವ ಜಾಗದವರೆಗೆ ಟೇಪ್ ಹಿಡಿ. ಆ ಎತ್ತರಕ್ಕೆ 28ರ ಹತ್ತಿರ ಬರುತ್ತೆ. ಸ್ಲೈಡರಿನ ಮಡಿಕೆಗೆ 8 ಸೇರಿಸಿ 36, ಎರಡಕ್ಕೆ 72 ಇಂಚು, 2 ಮೀಟರ್ ತಂದರೆ ಆಯ್ತು. ಹಿಂದಕ್ಕೆ ಎಲಾಸ್ಟಿಕ್ ಕಾಲು ಮೀಟರ್. ಎಕ್ಸೇ ಬೇಕು ಅಂದರೆ ಮುಂದಿನ ಸೊಂಟದಿಂದ ಹಿಂದಿನ ಸೊಂಟಕ್ಕೆ ಅಳೆದು ಹತ್ತರಲ್ಲೊಂದು ಪಾಲು ಕಳಿ. 40 ಬಂದರೆ 36, ಮೇಲೆ 8, ಹಿಂದಿನ ಮಡಿಕೆಗೆ ಒಂದೂವರೆ, ಒಟ್ಟು ನಲವತ್ತೈದೂವರೆ ಇಂಚು ಒಂದಕ್ಕೆ. ಸರಕಿನವರು ಹೇಳಿದ ಎರಡೂವರೆ ಮೀಟರ್ ಅದಕ್ಕೇ.

ಹೊಲಿಯುವ ಕ್ರಮ: ಪಟ್ಟಿಯ ಒಂದು ತುದಿಯನ್ನು ಸ್ಲೈಡರಿನ ನಡು ಸರಳಿಗೆ ಸುತ್ತಿ ಹೊಲಿ. ಇನ್ನೊಂದು ತುದಿಯನ್ನು ತುದಿಪಟ್ಟಿಯ (ಗುಂಡಿಗೆ ಸಿಕ್ಕಿಸೋ ಚರ್ಮ ಅಥವಾ ಕ್ಲಿಪ್ಪಿನ) ಬಳೆಯಲ್ಲಿ ತೂರಿಸಿ, ಮೇಲಕ್ಕೆ ತಂದು ಅದೇ ಸ್ಲೈಡರಿನಲ್ಲಿ ಹಾಯಿಸಿ, ಆಮೇಲೆ ಬೆನ್ನಿನ ಕೂಡು. ಕೂಡು ಮೊದಲು ಹೊಲಿದುಬಿಟ್ಟರೆ ಸ್ಲೈಡರ್ ಹಾಕಲಿಕ್ಕೆ ದಾರಿಯೇ ಇರೋದಿಲ್ಲ.

ಆಪರೇಷನ್ ಆದವರಿಗೆ ಬಿಗಿ ಮಾಡಬೇಡ. ಪಟ್ಟಿ ಜಾಸ್ತಿ ಎಳೆದರೆ ಪ್ಯಾಂಟಿನ ಕವಲು ಮೇಲೆದ್ದು ತೊಡೆಸಂದಿಗೇ ಒತ್ತುತ್ತೆ, ಬೆಲ್ಟ್ ಬಿಟ್ಟ ಪ್ರಯೋಜನ ಹೋಯ್ತು. ಸೊಂಟ ಒಂದಿಂಚು ಸಡಿಲ ಬಿಚ್ಚು, ಪ್ಯಾಂಟು ಹೊಕ್ಕುಳ ಮಟ್ಟದಲ್ಲಿ ನಿಲ್ಲಲಿ, ಪಟ್ಟಿಯಡಿ ಎರಡು ಬೆರಳು ಸಲೀಸಾಗಿ ಹೋಗಲಿ. ಹೊಟ್ಟೆ ಇರೋದರಿಂದ ಮುಂದಿನ ಗುಂಡಿಗಳನ್ನು ಅರ್ಧ ಇಂಚು ಪಕ್ಕಕ್ಕೆ ಸರಿಸು. ಯಾವಾಗಿನಿಂದ ಹಾಕಬಹುದು ಅಂತ ಡಾಕ್ಟರನ್ನೇ ಕೇಳು.

ಆರು ಗುಂಡಿ:
ನೋಡಿದಿರಾ, ದರ್ಜಿಯವರೂ ಗುಂಡಿ ಅಂತಲೇ ಬರೆದರು.

ಚಿಕ್ಕಪೇಟೆ ಸರಕು:
ಅವರು ಗುಂಡಿ ಎಲ್ಲಿಡಬೇಕು ಅಂದರು, ಗುಂಡಿಯೇ ಇಡಬೇಕು ಅನ್ನಲಿಲ್ಲ. ಆಪರೇಷನ್ ಆದವರು ಬಾತ್‌ರೂಮಿಗೆ ಹೋದಾಗ ಆರು ಗುಂಡಿ ಬಿಚ್ಚಿ ಹಾಕ್ತಾ ಕೂರ್ತಾರಾ? ಮಗಳೇ, ಕ್ಲಿಪ್ ಹಾಕು, ಬಕ್ರಂ ಮರೀಬೇಡ.

ಆರು ಗುಂಡಿ:
ಮುಂದಿನ ನಾಲ್ಕು ಬಿಚ್ಚಿದರೆ ಸಾಕು ಸ್ವಾಮಿ. ಹಿಂದಿನದ್ದು ಯಾರು ಮುಟ್ಟುತ್ತಾರೆ?