ಮೊದಲ ಟ್ಯಾಟೂ: ಮಷೀನ್, ಸೂಜಿ ಏನ್ ನೋಡಬೇಕು? ಹಾಕಿಸ್ಕೊಂಡವರು ಹೇಳ್ರಿ

ಸೇಡಂ ಹುಡುಗಿ:
ಮುಂಗೈ ಒಳಗಡಿ ಅವ್ವನ ಹೆಸರು ಹಾಕಿಸ್ಕೋಬೇಕಂತ ಮಾಡೀನಿ, ಇದೇ ಮೊದಲ. ಕಲಬುರಗಿಯಾಗ ಎರಡು ಕಡಿ ಕೇಳ್ದೆ. ಒಂದು ಕಡಿ ಕಾಯಿಲ್ ಮಷೀನ್, 1,500 ರೂಪಾಯಿ. ಇನ್ನೊಂದು ಕಡಿ ರೋಟರಿ (ಮೋಟರ್ ತಿರುಗಿ ಸೂಜಿ ಆಡಸೋದು), ಕಾರ್ಟ್ರಿಜ್ ಸೂಜಿ (ಪ್ಲಾಸ್ಟಿಕ್ ಕೊಳವಿಯಾಗ ಕೂಡಿಸಿ ಬರೋದು) ಅಂತಾರ, 3,500. ಕೂಡೋಕಿಂತ ಮೊದಲ ಏನೇನು ನೋಡಬೇಕು?

ಶಹಾಬಾದ್ ಕಲ್ಲು:
ತಂಗಿ, ನನ್ನ ತೋಳಿನ ಮ್ಯಾಲಿನ ನಂದಿ ಪೂರಾ ಕಾಯಿಲ್ ಮಷೀನಿಂದು. ಸಪ್ಪಳ ಕೇಳಿ ಅಂಜಬ್ಯಾಡ. ಕರೆಂಟ್ ಹರಿದಾಗ ಸುರುಳಿ ಕಬ್ಬಿಣದ ಪಟ್ಟಿ ಎಳೀತದ, ಆಗ ಕರೆಂಟ್ ಕಡೀತದ, ಸ್ಪ್ರಿಂಗ್ ಅದನ್ನ ವಾಪಸ್ ಎತ್ತತದ. ಆ ಬಡಿತದ ಸಪ್ಪಳನೇ ಅದು. ಬಿಸಲಾಗ ಸೈಟ್ ಮ್ಯಾಲ ನಿಂತು ಕೆಲಸ ಮಾಡೋವ ನಾ, ಇನ್ನೂ ಒಂದು ಗೆರಿ ಮಾಸಿಲ್ಲ. ಹಾಕಿದ್ದಕ್ಕ 7,000, ಟಚ್‌ಅಪ್‌ಗೆ 800, ಮುಲಾಮು 240, ಸುತ್ತೋ ಪ್ಲಾಸ್ಟಿಕ್ 60. ಗಾಯಕ್ಕ ಬೆವರು ಹತ್ತಬಾರದಂತ ರಜಾ ಹಾಕಿದ್ದಕ್ಕ ಪಗಾರದಾಗ 2,400 ಕಟ್. ಒಂದು ರೂಪಾಯಿನೂ ದಂಡ ಅನಿಸಿಲ್ಲ. ರೋಟರಿ ಅಂದ್ರ ಹೊಸ ಹುಡುಗರ ಆಟ. ಪೆನ್ನು ಹಿಡದಂಗ ಹಿಡದು ಎರಡು ತಿಂಗಳಿಗೆ ಆರ್ಟಿಸ್ಟ್ ಆಗ್ತಾರ.

ಬೀದರ್ ಕೋಟಿ:
ಹೊಸ ಆಟನಾ? 1891ರಾಗ ನ್ಯೂಯಾರ್ಕಿನ ಟ್ಯಾಟೂ ಆರ್ಟಿಸ್ಟ್ ಸ್ಯಾಮ್ಯುಯೆಲ್ ಓರೈಲಿ ಪೇಟೆಂಟ್ ತಗೊಂಡ ಮಷೀನೇ ರೋಟರಿ ಜಾತಿದು. ಎಡಿಸನ್ 1876ರಾಗ ಪೇಟೆಂಟ್ ತಗೊಂಡಿದ್ದ ಕರೆಂಟ್ ಪೆನ್ನಿನ ಮ್ಯಾಲಿಂದ ಮಾಡಿದ್ದು.

ನನಗ ಕಾಯಿಲ್ ಮಷೀನಿನ ಅಂಗಡಿಯಾಗೇ ಕೀವು ತುಂಬಿದ್ದು. ಸ್ಟೀಲ್ ಗ್ರಿಪ್, ಅಂದ್ರ ಸೂಜಿ ಹಾಯೋ ಹಿಡಿಕಿ ಕೊಳವಿ, ನೀಲಿ ಲೈಟಿನ (ಯುವಿ) ಡಬ್ಬಿಯಿಂದ ತಗದ್ರು, ಸ್ಟೆರಿಲೈಸ್ ಆಗ್ಯಾದ ಅಂದ್ರು. ಲೆಕ್ಕ ಕೇಳ್ರಿ. ಟ್ಯಾಟೂ 2,000. ಚರ್ಮದ ಡಾಕ್ಟರ್ ಫೀ 400, ಮತ್ತೊಮ್ಮಿ ತೋರಿಸಿದ್ದಕ್ಕ 300. ಗುಳಿಗಿ, ಮುಲಾಮು 1,860. ಹೆಪಟೈಟಿಸ್ ಬಿ, ಸಿ, ಎಚ್‌ಐವಿ ಪರೀಕ್ಷಾ 1,450, ರಿಪೋರ್ಟ್ ಬರೋತನ ನಿದ್ದಿ ಇಲ್ಲ. ಗಾಯ ಮಾದ ಮ್ಯಾಲ ಅಕ್ಷರ ಹಿಗ್ಗಿ ಮಸಿ ಮೆತ್ತಿದಂಗ ಆಗ್ಯಾವ. ಈಗ ಲೇಸರ್‌ಗಂತ ಹೈದರಾಬಾದಿಗೆ ಹೋಗ್ಲಿಕತ್ತೀನಿ, ಒಂದು ಸಿಟ್ಟಿಂಗಿಗೆ 3,500, ಬಸ್ ಚಾರ್ಜ್ ಬ್ಯಾರೆ. ಕಪ್ಪು ಅಳೀಲಿಕತ್ತದ, ಹಸಿರು ಎಲಿ ಇದ್ದಲ್ಲೇ ಅದ. ತಂಗಿ, ಕಾರ್ಟ್ರಿಜ್ ಇದ್ದಲ್ಲೇ ಹೋಗು. ಅದರೊಳಗ ರಬ್ಬರ್ ಪೊರಿ ಇರ್ತದ, ರಕ್ತ, ಬಣ್ಣ ಮಷೀನಿಗೆ ಹಿಂದಕ ಹೋಗಗೊಡಲ್ಲ.

ಶಹಾಬಾದ್ ಕಲ್ಲು:
ಗ್ರಿಪ್ ಹೊಲಸಿದ್ರ ಮಷೀನ್ ಏನ್ ಮಾಡ್ತದ್ರಿ? ಎಷ್ಟೋ ಅಗ್ಗದ ಕಾರ್ಟ್ರಿಜಿನಾಗ ಆ ಪೊರಿನೇ ಇರಲ್ಲ, ಅದನ್ಯಾಕ ಹೇಳಲಿಲ್ಲ?

ಜೇವರ್ಗಿ ರೋಡ್:
ನಾ ಸ್ಟಾಫ್ ನರ್ಸ್. ಇಬ್ಬರೂ ಮಷೀನ್ ಬಿಡ್ರಿ. ನೀಲಿ ಲೈಟಿನ ಡಬ್ಬಿ ಸ್ಟೆರಿಲೈಸ್ ಮಾಡಲ್ಲ, ಬೆಳಕು ಗ್ರಿಪ್ಪಿನ ಟ್ಯೂಬಿನ ಒಳಗ ಮುಟ್ಟಲ್ಲ. ಸ್ಟೀಲ್ ಸಾಮಾನು ವಾಪಸ್ ಬಳಸೋರಿದ್ರ ಆಟೋಕ್ಲೇವ್ ಬೇಕು: 121 ಡಿಗ್ರಿ ಉಗಿ, 15 ಪೌಂಡ್ ಒತ್ತಡ, ಕಮ್ಮಿ ಅಂದ್ರ 15 ನಿಮಿಷ. ಪೊಟ್ಟಣದ ಮ್ಯಾಲಿನ ಗುರುತಿನ ಬಣ್ಣ ಬದಲಾಗಿರಬೇಕು.

ನಾ ಹಾಕಿಸ್ಕೊಳ್ಳೋವಾಗ ಸೂಜಿ ಪಾಕೀಟು ಕಣ್ಣೆದುರು ಹರಿಸೀನಿ, ಎಕ್ಸ್‌ಪೈರಿ ತಾರೀಖು ಓದೀನಿ. 1207ಆರ್‌ಎಲ್ ಅಂತ ಇತ್ತು. 12 ಅಂದ್ರ ಸೂಜಿ 0.35 ಮಿಲಿಮೀಟರ್ ದಪ್ಪ, 07 ಅಂದ್ರ ಏಳು ಸೂಜಿ, ಆರ್‌ಎಲ್ ಅಂದ್ರ ಗೆರಿ ಎಳೀಲಾಕ ಗುಂಡಗ ಜೋಡಿಸಿದ್ದು. ಬಣ್ಣ ಹೊಸ ಸಣ್ಣ ಕಪ್ಪಿಗೆ ಹಾಕಿಸ್ದೆ, ಉಳದದ್ದು ಚೆಲ್ಲಿಸ್ದೆ. ಆರ್ಟಿಸ್ಟ್ ಮಾರಿ ಸಿಂಡರಿಸಿದ್ರು, ನಾ ಬಿಡಲಿಲ್ಲ. ಸೂಜಿ ಒಂದರಿಂದ ಎರಡು ಮಿಲಿಮೀಟರ್ ಹೋದ್ರ ಸಾಕು. ಅದಕ್ಕಿಂತ ಆಳ ಹೋದ್ರ ಬಣ್ಣ ಹಬ್ಬತದ, ಬೀದರಿನವರ ಅಕ್ಷರ ಹಿಗ್ಗಿದ್ದು ಅದಕ್ಕೇ ಇರಬೇಕು. ಇನ್ನ 12 ತಿಂಗಳು ರಕ್ತದಾನ ಮಾಡ್ಲಾಕ ಬರಲ್ಲ. ಪ್ರತಿ ವರ್ಷ ಕೊಡೋಳಿಗೆ ಆ ವರ್ಷ ಭಾಳ ಸಂಕಟ ಆತು.

ಯಾದಗಿರಿ ಗುಡ್ಡ:
ನನ್ನ ತಮ್ಮಂದು ಸೂಜಿ, ಮಷೀನ್ ಎಲ್ಲಾ ಛಲೋನೇ ಇತ್ತು. 5,500 ಕೊಟ್ಟು ಎದಿ ಮ್ಯಾಲ ಹುಲಿ. ಆರ್ಮಿ ಮೆಡಿಕಲ್‌ನಾಗ ಹೊರಗ ಹಾಕಿದ್ರು. ಮೊಣಕೈಯಿಂದ ಮಣಿಕಟ್ಟಿನತನ ಒಳಭಾಗ, ಇಲ್ಲಾಂದ್ರ ಅಂಗೈ ಹಿಂಭಾಗ, ಇಷ್ಟೇ ನಡೀತದ. ಬುಡಕಟ್ಟಿನವರಿಗೆ ಅಷ್ಟೇ ವಿನಾಯಿತಿ. ಕೋಚಿಂಗ್ 18,000, ಬೂಟು 2,200, ಹಾಸ್ಟೆಲ್ ಊಟ ತಿಂಗಳಿಗೆ 3,000, ಎಲ್ಲಾ ತೊಗರಿ ಮಾರಿದ ರೊಕ್ಕ. ಆರ್ಟಿಸ್ಟ್ ಒಂದು ಮಾತು ಹೇಳಲಿಲ್ಲ.

ಶಹಾಬಾದ್ ಕಲ್ಲು:
ಆರ್ಮಿ ರೂಲ್ ಓದೋದು ಆರ್ಟಿಸ್ಟ್ ಕೆಲಸ ಅಲ್ಲ.

ಯಾದಗಿರಿ ಗುಡ್ಡ:
ಬೂಟು ಹಾಕ್ಕೊಂಡು ಗ್ರೌಂಡಿನಿಂದ ಸೀದಾ ಬಂದ ಹುಡುಗನ್ನ, ಏನ್ ತಯಾರಿ ನಡಸೀಯಪ್ಪಾ ಅಂತ ಕೇಳ್ಲಾಕ ಆಗಲ್ಲೇನು? ಮನಿಯಾಗ ನಮ್ಮಪ್ಪ ಇನ್ನೂ ಅವನ ಕೂಡ ಮಾತಾಡಲ್ಲ.

ಆಳಂದ ಅಕ್ಕ:
ಇಷ್ಟೆಲ್ಲಾ ಯಾಕ ಅಂಜಸ್ತೀರಿ ಆ ಹುಡುಗಿಗೆ? ನಮ್ಮ ಆಯಿ ಕೈತುಂಬ ಹಚ್ಚಿ ಹಾಕಿಸ್ಕೊಂಡಿದ್ದಳು, ಏನೂ ಆಗಲಿಲ್ಲ. ನಾನೂ ಶರಣಬಸವೇಶ್ವರ ಜಾತ್ರಿಯಾಗ 100 ರೂಪಾಯಿಗೆ ಗಂಡನ ಹೆಸರು ಹಾಕಿಸೀನಿ, ಇವತ್ತಿಗೂ ಛಂದ ಅದ.

ಜೇವರ್ಗಿ ರೋಡ್:
ಅಕ್ಕಾ, ಜಾತ್ರಿಯಾಗ ಒಂದೇ ಸೂಜಿ, ಒಂದೇ ಬಣ್ಣದ ಬಾಟ್ಲಿ ಸಾಲಾಗಿ ಎಲ್ಲರಿಗೂ ನಡಿಯೋದು ನಾ ನೋಡೀನಿ. ಹೆಪಟೈಟಿಸ್ ಸಿ ವರ್ಷಗಟ್ಟಲೆ ಏನೂ ಕಾಣಸದಂಗ ಮೈಯಾಗ ಇರ್ತದ. ಪರೀಕ್ಷಾ ಮಾಡಿಸಿ ಆಮ್ಯಾಲ ಏನೂ ಆಗಿಲ್ಲ ಅನ್ರಿ.

ಆಳಂದ ಅಕ್ಕ:
ನನಗ ರೋಗ ಅಂಟಿಸಬ್ಯಾಡವ್ವ. ನಾಲ್ಕು ಮಂದಿ ಎದುರಿಗೆ ಹಿಂಗ ಬರಿಯೋದು ಸರಿ ಅಲ್ಲ.

ಜೇವರ್ಗಿ ರೋಡ್:
ನಿಮ್ಮ ಮಾತು ಕೇಳಿ ಯಾರರ 100 ರೂಪಾಯಿ ಹಿಡ್ಕೊಂಡು ಜಾತ್ರಿಗೆ ಹೋದ್ರ ವಾರ್ಡಿನಾಗ ನೋಡಬೇಕಾದವರು ನಾವು. ಅದಕ್ಕ ಬರದೀನಿ, ಅಳಸಲ್ಲ.

ಸೇಡಂ ಹುಡುಗಿ:
ಈಗ ಎರಡೂ ಕಡಿ ಫೋನ್ ಮಾಡ್ದೆ. 3,500ರವರು ಗ್ರಿಪ್, ಕಾರ್ಟ್ರಿಜ್ ಎಲ್ಲಾ ಒಂದೇ ಸಲ ಬಳಸೋದು, ಬಂದು ನೋಡ್ರಿ ಅಂದ್ರು. 1,500ರವರು ಆಟೋಕ್ಲೇವ್ ಅಂದ ಕೂಡಲೇ ಫೋನ್ ಇಟ್ಟರು.

ಶಹಾಬಾದ್ ಕಲ್ಲು:
ಅದು ಆ ಅಂಗಡಿದು ತಂಗಿ, ಕಾಯಿಲ್ ಮಷೀನಿಂದಲ್ಲ. ನನ್ನ ಆರ್ಟಿಸ್ಟ್ ಪಾಕೀಟು ನನ್ನ ಕೈಯಾಗ ಕೊಟ್ಟು ಹರಿಸಿದ್ದ.

ಬೀದರ್ ಕೋಟಿ:
ಈಗ ಹೇಳ್ಲಿಕತ್ತೀರಿ! ಅದನ್ನೇ ಮೊದಲ ಬರದಿದ್ರ ಇಷ್ಟು ಜಗಳ ಯಾಕ ಆಗ್ತಿತ್ತು?