ಪದಚರ್ಚೆ: ಮಕ್ಕಳ ಅಪೌಷ್ಟಿಕತೆಯಲ್ಲಿ ಎರಡು ‘ತೀವ್ರ’

ಎಲ್ಲರಿಗೂ ನಮಸ್ಕಾರ. ತಾಯಂದಿರು ಮನೆಯಲ್ಲೇ ಮಗುವಿನ ತೋಳು ಅಳೆದು ನೋಡುವುದಕ್ಕೆ ಒಂದು ಪುಟ್ಟ ಕೈಪಿಡಿ ಬರೆಯುತ್ತಿದ್ದೇನೆ. ಒಂದು ಪದಕ್ಕೆ ಬಲ್ಲವರ ಸಹಾಯ ಬೇಕು.

ಡಾಕ್ಟರುಗಳು ‘ಸಿವಿಯರ್ ಅಕ್ಯೂಟ್ ಮಾಲ್‌ನ್ಯೂಟ್ರಿಷನ್’ ಅನ್ನುತ್ತಾರೆ. ಇದರಲ್ಲಿ ಅಕ್ಯೂಟ್ ಎಂಬುದು ಕಾಲದ ಮಾತು. ಊಟ ಕಡಿಮೆಯಾಗಿಯೋ, ಕಾಯಿಲೆ ಬಿದ್ದೋ, ಮಗು ಸ್ವಲ್ಪ ದಿನಗಳಲ್ಲೇ ಇಳಿದುಹೋಗಿದೆ ಎಂದರ್ಥ. ಸಿವಿಯರ್ ಎಂಬುದು ಎಷ್ಟು ಕೆಟ್ಟಿದೆ ಎಂಬ ಮಾತು. ಕನ್ನಡದಲ್ಲಿ ಎರಡಕ್ಕೂ ‘ತೀವ್ರ’ ಅಂತಲೇ ಹಾಕುತ್ತೇವೆ. ‘ತೀವ್ರ ತೀವ್ರ ಅಪೌಷ್ಟಿಕತೆ’ ಅಂತ ಬರೆಯೋಕಾಗಲ್ಲ, ಅಲ್ವಾ? ಹಾಗಾಗಿ ಒಂದು ಬಿದ್ದುಹೋಗುತ್ತದೆ. ಅದರ ಕೆಳಗಿನ ಹಂತಕ್ಕೆ ಬಂದರೆ ಇನ್ನೂ ಗೋಜಲು: ‘ಸಾಧಾರಣ ತೀವ್ರ ಅಪೌಷ್ಟಿಕತೆ’. ಇದನ್ನು ಓದಿದ ತಾಯಿ ಹೆದರಬೇಕೋ, ಸಮಾಧಾನದಿಂದ ಇರಬೇಕೋ?

ಇದು ಸುಮ್ನೆ ಪದದ ಜಗಳ ಅಲ್ಲ. ಹಂತ ಬದಲಾದರೆ ಮಾಡಬೇಕಾದ ಕೆಲಸವೂ ಬದಲಾಗುತ್ತದೆ. 6 ತಿಂಗಳಿಂದ 59 ತಿಂಗಳವರೆಗಿನ ಮಗುವಿನ ತೋಳಿನ ಸುತ್ತಳತೆ 115 ಮಿಲಿಮೀಟರಿಗಿಂತ ಕಡಿಮೆ ಇದ್ದರೆ ಸಿವಿಯರ್. 115ರಿಂದ 125ರ ಒಳಗಿದ್ದರೆ ಮಾಡರೇಟ್, ಅಂದರೆ ಮೇಲೆ ಹೇಳಿದ ‘ಸಾಧಾರಣ’ ಹಂತ. ತೋಳು ಅಳೆಯುವ ಪಟ್ಟಿಯ ಮೇಲೆ ಕೆಂಪು, ಹಳದಿ, ಹಸಿರು ಬಣ್ಣ ಇರುವುದರಿಂದ ಅಂಕಿ ಓದಲು ಬಾರದವರೂ ನೋಡಬಹುದು. ಈ ವಯಸ್ಸಿನಲ್ಲಿ ತೋಳಿನ ಸುತ್ತಳತೆ ಅಷ್ಟೇನೂ ಬದಲಾಗುವುದಿಲ್ಲ. ಅದಕ್ಕೇ ಎಲ್ಲ ಮಕ್ಕಳಿಗೂ ಒಂದೇ ಗೆರೆ ಸಾಕಾಗುತ್ತದೆ. ಮೊದಲು ಈ ಗೆರೆ 110 ಇತ್ತು. 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಅದನ್ನು 115ಕ್ಕೆ ಏರಿಸಿದವು. ಆ ಐದು ಮಿಲಿಮೀಟರಿನ ನಡುವೆ ಇರುವ ಮಕ್ಕಳೂ ಆಗ ಚಿಕಿತ್ಸೆಯ ಲೆಕ್ಕಕ್ಕೆ ಬಂದರು.

ಇನ್ನೊಂದು ವಿಷಯ. ಎರಡೂ ಪಾದದ ಮೇಲೆ ಹೆಬ್ಬೆರಳಿಂದ ಮೂರು ಸೆಕೆಂಡು ಒತ್ತಿ ಬಿಟ್ಟಾಗ ಗುಳಿ ಹಾಗೇ ಉಳಿದರೆ, ತೋಳಿನ ಅಳತೆ ಎಷ್ಟೇ ಇರಲಿ, ಅದು ಸಿವಿಯರ್ ಹಂತವೇ. ಇದಕ್ಕೆ ‘ಗುಳಿ ಬೀಳುವ ಊತ’ ಅಂತ ಬರೆದಿದ್ದೇನೆ. ಮಗು ಮೈ ತುಂಬಿಕೊಂಡಿದೆ ಅಂತ ಖುಷಿಪಡುವ ಅಪಾಯ ಇಲ್ಲೇ ಜಾಸ್ತಿ. ಆದ್ದರಿಂದ ಈ ಮಾತು ಕೈಪಿಡಿಯಲ್ಲಿ ದಪ್ಪ ಅಕ್ಷರದಲ್ಲೇ ಇರಬೇಕು.

ಈಗ ನನ್ನ ಸಲಹೆ. ಮಗು ಹೀಗೆ ಇಳಿದುಹೋಗುವುದಕ್ಕೆ ಡಾಕ್ಟರುಗಳು ಹೇಳುವ ವೇಸ್ಟಿಂಗ್ ಎಂಬುದಕ್ಕೆ ‘ಸೊರಗು’ ಇಟ್ಟುಕೊಂಡರೆ ಹೇಗೆ? ‘ಕೃಶತೆ’ ಪುಸ್ತಕದಲ್ಲೇ ಉಳಿಯುತ್ತದೆ. ‘ಬಡಕಲು’ ಅಂದರೆ ಹುಟ್ಟಿದಾಗಿನಿಂದ ಹಾಗೇ ಇದೆ ಅನ್ನಿಸಬಹುದು, ತಾಯಿಗೆ ನೋವೂ ಆಗಬಹುದು. ‘ಮಗು ಸೊರಗಿದೆ’ ಅಂದಾಗ ಮೊದಲು ಚೆನ್ನಾಗಿತ್ತು, ಈಗ ಇಳಿದಿದೆ ಎಂಬುದು ತಾನೇ ಬಂದುಬಿಡುತ್ತದೆ. ಅಕ್ಯೂಟ್ ಹೇಳಬೇಕಾದ್ದರಲ್ಲಿ ಹೆಚ್ಚಿನದೂ ಅದೇ. ಹಾಗಾದರೆ ‘ತೀವ್ರ ಸೊರಗು’, ‘ಸಾಧಾರಣ ಸೊರಗು’ ಎಂದು ಎರಡೇ ಪದದಲ್ಲಿ ಮುಗಿಯುತ್ತದೆ. ‘ತೀವ್ರ’ ಹಂತವನ್ನಷ್ಟೇ ಹೇಳುತ್ತದೆ. ಆದರೆ ಊತ ಬಂದ ಮಗುವನ್ನು ‘ಸೊರಗಿದೆ’ ಅನ್ನಬಹುದೇ? ನನಗೆ ಕಾಣುವ ತೊಡಕು ಇದೊಂದೇ.

ಸ್ಟಂಟಿಂಗ್‌ಗೆ ‘ಕುಂಠಿತ ಬೆಳವಣಿಗೆ’ ಈಗಾಗಲೇ ರೂಢಿಯಲ್ಲಿದೆ, ಅದನ್ನು ಕದಲಿಸುವುದು ಬೇಡ. ವಯಸ್ಸಿಗೆ ತಕ್ಕ ಎತ್ತರ ಇಲ್ಲದಿರುವುದು ಅದು. ಸೊರಗು ಎಂಬುದು ಎತ್ತರಕ್ಕೆ ತಕ್ಕ ತೂಕ ಇಲ್ಲದಿರುವುದು. ವಯಸ್ಸಿಗೆ ತಕ್ಕ ತೂಕ ಮಾತ್ರ ನೋಡಿದರೆ ಇವೆರಡೂ ಕಲಸಿಹೋಗುತ್ತವೆ. ಕುಳ್ಳಗಿದ್ದು ಎತ್ತರಕ್ಕೆ ಸರಿಯಾದ ತೂಕ ಇರುವ ಮಗುವೂ ‘ಕಡಿಮೆ ತೂಕ’ದ ಪಟ್ಟಿಗೆ ಬೀಳಬಹುದು. ಹಾಗೇ ‘ಉದ್ದ’ ಮತ್ತು ‘ಎತ್ತರ’ವನ್ನೂ ಬೇರೆಯಾಗಿಯೇ ಇಟ್ಟಿದ್ದೇನೆ. ಎರಡು ವರ್ಷದೊಳಗಿನ ಮಗುವನ್ನು ಮಲಗಿಸಿ ಅಳೆಯುವುದು ಉದ್ದ, ದೊಡ್ಡ ಮಗುವನ್ನು ನಿಲ್ಲಿಸಿ ಅಳೆಯುವುದು ಎತ್ತರ. ಒಂದೇ ಮಗುವಿನಲ್ಲೂ ಎರಡಕ್ಕೂ ಸುಮಾರು 0.7 ಸೆಂಟಿಮೀಟರ್ ವ್ಯತ್ಯಾಸ ಬರುತ್ತದೆ.

ಕೊನೆಯದಾಗಿ ತೋಳಿನ ಅಳತೆಯ ಹೆಸರು. ‘ಮಧ್ಯ ಮೇಲ್ತೋಳಿನ ಸುತ್ತಳತೆ’ ಅಂದರೆ ನಾಲಿಗೆ ತೊಡರುತ್ತದೆ. ತೋಳು ಅಂದರೆ ಕೆಲವರು ಇಡೀ ಕೈ ಅಂದುಕೊಳ್ಳುತ್ತಾರೆ. ‘ರಟ್ಟೆ ಸುತ್ತಳತೆ’ ಅಂದರೆ ಭುಜದಿಂದ ಮೊಣಕೈವರೆಗಿನ ಭಾಗ ಎಂದು ಸ್ಪಷ್ಟ. ಭುಜದ ತುದಿ ಮೂಳೆಗೂ ಮೊಣಕೈ ತುದಿಗೂ ನಟ್ಟನಡುವೆ ಗುರುತು ಹಾಕಿ, ಕೈಯನ್ನು ಸಡಿಲವಾಗಿ ಇಳಿಬಿಡಿಸಿ, ಪಟ್ಟಿ ಚರ್ಮವನ್ನು ಒತ್ತದಂತೆ ಸುತ್ತಬೇಕು ಅಂತ ಪಕ್ಕದಲ್ಲೇ ಬರೆದರಾಯಿತು.

ನಿಮ್ಮ ಕಡೆ ‘ರಟ್ಟೆ’ ಈಗಲೂ ಮಾತಿನಲ್ಲಿದೆಯೇ, ಅಥವಾ ಬೇರೆ ಪದ ಇದೆಯೇ? ಊತದ ಮಗುವನ್ನೂ ಒಳಗೊಳ್ಳುವ, ‘ಸೊರಗು’ವಿಗಿಂತ ಒಳ್ಳೆಯ ಪದ ಗೊತ್ತಿದ್ದರೆ ದಯವಿಟ್ಟು ತಿಳಿಸಿ.